ಬೊಲಿವಿಯಾದ ಆ ಒಂದು ವರ್ಷ: ನಿಂತುಹೋದ ಎಣಿಕೆಯಿಂದ ಮರುಚುನಾವಣೆಯವರೆಗೆ

2019ರ ಅಕ್ಟೋಬರ್ 20, ಭಾನುವಾರ. ಬೊಲಿವಿಯಾದಲ್ಲಿ ಅಧ್ಯಕ್ಷರ ಚುನಾವಣೆಯ ಮತದಾನ ಮುಗಿದು ಎಣಿಕೆ ನಡೆಯುತ್ತಿತ್ತು. ಸುಮಾರು ಶೇ 84ರಷ್ಟು ಮತಗಟ್ಟೆಗಳ ಲೆಕ್ಕ ಬಂದಿತ್ತು. 2006ರಿಂದ ಅಧ್ಯಕ್ಷರಾಗಿದ್ದ ಇವೊ ಮೊರಾಲೆಸ್ ಶೇ 8ಕ್ಕೆ ಸ್ವಲ್ಪ ಕಡಿಮೆ ಅಂತರದಲ್ಲಿ ಮುಂದಿದ್ದರು. ಸಂಜೆ 7.40ರ ಹೊತ್ತಿಗೆ ಚುನಾವಣಾ ಮಂಡಳಿ ಆ ಲೆಕ್ಕವನ್ನು ಜನರಿಗೆ ತೋರಿಸುವುದನ್ನು ನಿಲ್ಲಿಸಿಬಿಟ್ಟಿತು. ಯಾರೂ ನಂಬುವಂಥ ಕಾರಣ ಕೊಡಲಿಲ್ಲ. ಮರುದಿನ ಸಂಜೆ ಮತ್ತೆ ಶುರುವಾದಾಗ ಅಂತರ ಶೇ 10 ದಾಟಿತ್ತು.

ಎಂಟಕ್ಕೂ ಹತ್ತಕ್ಕೂ ಏನು ಮಹಾ ವ್ಯತ್ಯಾಸ ಅಂತ ಅನ್ನಿಸಬಹುದು. ಬೊಲಿವಿಯಾದಲ್ಲಿ ಅದರ ಮೇಲೇ ಎಲ್ಲ ನಿಂತಿದೆ. ಅಲ್ಲಿ ಮೊದಲ ಸುತ್ತಿನಲ್ಲೇ ಗೆಲ್ಲಲು ಎರಡು ದಾರಿ ಇವೆ. ಅರ್ಧಕ್ಕಿಂತ ಜಾಸ್ತಿ ಮತ ಬರಬೇಕು, ಇಲ್ಲವೇ ಕನಿಷ್ಠ ಶೇ 40 ಮತ ಬಂದು ಎರಡನೆಯವರಿಗಿಂತ ಶೇ 10ರಷ್ಟು ಮುಂದಿರಬೇಕು. ಎರಡೂ ಆಗದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. ಎರಡನೇ ಸುತ್ತು ನಡೆದಿದ್ದರೆ ಮೊರಾಲೆಸ್ ಸೋಲುವ ಸಾಧ್ಯತೆ ಇತ್ತು, ಯಾಕೆಂದರೆ ಅವರ ವಿರೋಧಿಗಳ ಮತಗಳೆಲ್ಲ ಮಾಜಿ ಅಧ್ಯಕ್ಷ ಕಾರ್ಲೋಸ್ ಮೇಸಾ ಕಡೆ ಒಟ್ಟಾಗುತ್ತಿದ್ದವು. ಕೊನೆಗೆ ಅಧಿಕೃತ ಫಲಿತಾಂಶ ಬಂತು: ಮೊರಾಲೆಸ್ ಶೇ 47.08, ಮೇಸಾ ಶೇ 36.51. ಬೇಕಿದ್ದ ಗಡಿಗಿಂತ ಅರ್ಧ ಪರ್ಸೆಂಟ್ ಚಿಲ್ಲರೆ ಜಾಸ್ತಿ, ಅಂದರೆ ಸುಮಾರು 35 ಸಾವಿರ ಮತ.

ಮೂರು ವಾರದಲ್ಲಿ ಅಧ್ಯಕ್ಷರು ರಾಜೀನಾಮೆ ಕೊಟ್ಟು ದೇಶ ಬಿಟ್ಟರು. ಒಂದು ವರ್ಷದಲ್ಲಿ ಅವರದೇ ಪಕ್ಷ ಇನ್ನೂ ದೊಡ್ಡ ಬಹುಮತದಿಂದ ವಾಪಸ್ ಬಂತು. ಇದರ ಬಗ್ಗೆ ಇಂಟರ್ನೆಟ್‌ನಲ್ಲಿ ಎರಡು ಕಥೆ ಓಡಾಡುತ್ತವೆ. ಮೊರಾಲೆಸ್ ಮತ ಕದ್ದರು, ಜನ ಎದ್ದು ಓಡಿಸಿದರು ಅನ್ನುವುದು ಒಂದು. ಸೇನೆ, ಅಮೆರಿಕ, ಶ್ರೀಮಂತರು ಸೇರಿ ಒಬ್ಬ ಆದಿವಾಸಿ ಅಧ್ಯಕ್ಷನನ್ನು ಕಿತ್ತುಹಾಕಿದರು ಅನ್ನುವುದು ಇನ್ನೊಂದು. ಯಾವುದನ್ನು ಹಿಡಿದರೂ ಅರ್ಧ ಸತ್ಯ ಕೈಬಿಟ್ಟು ಹೋಗುತ್ತದೆ. ಅಧಿಕಾರದಲ್ಲಿ ಉಳಿಯಲು ಮೊರಾಲೆಸ್ ನಿಯಮ ಬಗ್ಗಿಸಿದ್ದು ನಿಜ. ಅವರು ಹೋದ ಮೇಲೆ ಬಂದವರು ಮತವೇ ಇಲ್ಲದೆ ಅಧಿಕಾರ ಹಿಡಿದು, ಜನರ ಮೇಲೆ ಗುಂಡು ಹಾರಿಸಿದ್ದೂ ನಿಜ. ಒಂದು ತಪ್ಪು ಇನ್ನೊಂದನ್ನು ಸರಿ ಮಾಡುವುದಿಲ್ಲ.

ಅದಕ್ಕೆ ಮೊದಲು ಏನಾಗಿತ್ತು

ಮೊರಾಲೆಸ್ ಯಾರು ಅಂತ ತಿಳಿಯದೆ ಈ ಗಲಾಟೆ ಅರ್ಥವಾಗುವುದಿಲ್ಲ. ಅವರು ಐಮಾರಾ ಸಮುದಾಯದವರು, ಒರುರೊ ಪ್ರಾಂತ್ಯದ ಬಡ ಹಳ್ಳಿಯೊಂದರಲ್ಲಿ ಹುಟ್ಟಿದವರು. ಮುಂದೆ ಕೊಚಬಾಂಬಾದ ಚಪಾರೆ ಪ್ರದೇಶದಲ್ಲಿ ಕೋಕಾ ಎಲೆ ಬೆಳೆಯುವ ರೈತರ ಸಂಘದ ನಾಯಕರಾದರು. ಅವರ ಪಕ್ಷದ ಹೆಸರು ಮಾಸ್. 2005ರ ಡಿಸೆಂಬರ್‌ನಲ್ಲಿ ಮೊದಲ ಸುತ್ತಿನಲ್ಲೇ ಅರ್ಧಕ್ಕಿಂತ ಜಾಸ್ತಿ ಮತ ಪಡೆದು ಗೆದ್ದರು. ಐಮಾರಾ, ಕೆಚುವಾ ಮುಂತಾದ ಮೂಲನಿವಾಸಿ ಜನ ಇಷ್ಟೊಂದು ಇರುವ ದೇಶಕ್ಕೆ ಅವರಲ್ಲೇ ಒಬ್ಬರು ಅಧ್ಯಕ್ಷರಾಗಲು 2006ರವರೆಗೆ ಕಾಯಬೇಕಾಯಿತು.

ಅಧಿಕಾರಕ್ಕೆ ಬಂದ ವರ್ಷವೇ ನೈಸರ್ಗಿಕ ಅನಿಲದ ಮೇಲೆ ಸರ್ಕಾರದ ಹಿಡಿತ ತಂದರು. ಆಗ ಅನಿಲಕ್ಕೆ ಒಳ್ಳೆ ಬೆಲೆ ಇತ್ತು. ಬಂದ ಹಣದಲ್ಲಿ ರಸ್ತೆ, ಶಾಲೆ, ವೃದ್ಧರಿಗೆ ಪಿಂಚಣಿ, ಮಕ್ಕಳಿಗೆ ಭತ್ಯೆ ಬಂದವು. ಜನಸಂಖ್ಯೆಯ ಸುಮಾರು ಶೇ 60ರಷ್ಟಿದ್ದ ಬಡವರ ಪ್ರಮಾಣ ಶೇ 40ಕ್ಕಿಂತ ಕೆಳಗೆ ಇಳಿಯಿತು. ಆ ಕಾಲದ ಬಹುಪಾಲು ಅರ್ಥಮಂತ್ರಿಯಾಗಿದ್ದವರು ಲೂಯಿಸ್ ಆರ್ಸೆ. ಈ ಹೆಸರು ಮುಂದೆ ಮತ್ತೆ ಬರುತ್ತದೆ. 2009ರಲ್ಲಿ ಹೊಸ ಸಂವಿಧಾನ ಬಂತು. 36 ಮೂಲನಿವಾಸಿ ಭಾಷೆಗಳು ಸ್ಪ್ಯಾನಿಷ್ ಜೊತೆ ಅಧಿಕೃತವಾದವು. ವಿಫಾಲಾ ಅನ್ನುವ, ಏಳು ಬಣ್ಣದ ಚೌಕಗಳ ಬಾವುಟಕ್ಕೆ ರಾಷ್ಟ್ರಧ್ವಜದ ಪಕ್ಕ ಜಾಗ ಸಿಕ್ಕಿತು. ಶತಮಾನಗಳಿಂದ ಅವಮಾನ ನುಂಗಿದ ಜನಕ್ಕೆ ಇದು ಸಣ್ಣ ವಿಷಯವಲ್ಲ.

ಆದರೆ ಅದೇ ಸಂವಿಧಾನದಲ್ಲಿ ಇನ್ನೊಂದು ಮಾತೂ ಇತ್ತು. ಒಬ್ಬ ಅಧ್ಯಕ್ಷ ಸತತವಾಗಿ ಎರಡೇ ಅವಧಿ ಇರಬಹುದು ಅಂತ. 2014ರಲ್ಲಿ ಮೊರಾಲೆಸ್ ಮೂರನೇ ಸಲ ನಿಂತರು. ಹೊಸ ಸಂವಿಧಾನಕ್ಕಿಂತ ಮೊದಲಿನ ಅವಧಿ ಲೆಕ್ಕಕ್ಕಿಲ್ಲ ಅಂತ ಸಂವಿಧಾನ ನ್ಯಾಯಮಂಡಳಿ ಹೇಳಿತ್ತು. ಗೆದ್ದರು, ಅದೂ ಶೇ 61 ಮತ ಪಡೆದು. ಅಲ್ಲಿಗೂ ನಿಲ್ಲಲಿಲ್ಲ. ನಾಲ್ಕನೇ ಸಲ ನಿಲ್ಲಲು ಸಂವಿಧಾನ ಬದಲಿಸಬಹುದಾ ಅಂತ 2016ರ ಫೆಬ್ರವರಿ 21ರಂದು ಜನರನ್ನೇ ಕೇಳಿದರು. ಶೇ 51.3 ಜನ ಬೇಡ ಅಂದರು.

ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. 2017ರ ನವೆಂಬರ್‌ನಲ್ಲಿ ಅದೇ ನ್ಯಾಯಮಂಡಳಿ, ಚುನಾವಣೆಗೆ ನಿಲ್ಲುವುದು ಮಾನವ ಹಕ್ಕು, ಅದಕ್ಕೆ ಮಿತಿ ಹಾಕುವಂತಿಲ್ಲ ಅಂತ ತೀರ್ಪು ಕೊಟ್ಟಿತು. ಎಷ್ಟು ಸಲ ಬೇಕಾದರೂ ನಿಲ್ಲಬಹುದು ಅಂತಾಯಿತು. ಅಮೆರಿಕ ಖಂಡದ ಮಾನವ ಹಕ್ಕುಗಳ ನ್ಯಾಯಾಲಯ 2021ರಲ್ಲಿ ಇದು ಹಕ್ಕೇ ಅಲ್ಲ ಅಂತ ಸ್ಪಷ್ಟವಾಗಿ ಹೇಳಿತು, ಆದರೆ ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ನನಗೆ ಅನ್ನಿಸುವುದು, 2019ರ ಬೆಂಕಿಗೆ ಕಿಡಿ ಬಿದ್ದಿದ್ದು ಈ ತೀರ್ಪಿನಿಂದಲೇ. ಜನರನ್ನು ಕೇಳಿ, ಅವರು ಬೇಡ ಅಂದ ಮೇಲೂ ನಿಂತರೆ, ಆಮೇಲೆ ನೀವು ಎಷ್ಟೇ ನ್ಯಾಯವಾಗಿ ಗೆದ್ದರೂ ನಂಬುವವರು ಕಡಿಮೆ. 2019ರಲ್ಲಿ ಬೀದಿಗೆ ಬಂದ ಯುವಕರಲ್ಲಿ ತುಂಬಾ ಜನ ಕೂಗುತ್ತಿದ್ದ ಘೋಷಣೆಯೂ ‘ಬೊಲಿವಿಯಾ ಬೇಡ ಅಂದಿದೆ’ ಅಂತಲೇ. ಅದೇ ವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಪೂರ್ವದ ಚಿಕಿತಾನಿಯಾ ಕಾಡುಗಳು ಹೊತ್ತಿ ಉರಿದವು. ಸರ್ಕಾರ ತಡವಾಗಿ ಎಚ್ಚೆತ್ತಿತು ಅನ್ನುವ ಸಿಟ್ಟು ಪೂರ್ವದ ದೊಡ್ಡ ನಗರ ಸಾಂತಾ ಕ್ರೂಸ್ ಕಡೆ ಮೊದಲೇ ಇದ್ದ ವಿರೋಧಕ್ಕೆ ಸೇರಿಕೊಂಡಿತು.

ಎಣಿಕೆಯಲ್ಲಿ ನಿಜಕ್ಕೂ ಏನಾಯಿತು

ಇದನ್ನು ನಿಧಾನವಾಗಿ ನೋಡೋಣ, ಯಾಕೆಂದರೆ ಜಗಳದ ಮೂಲವೇ ಇಲ್ಲಿದೆ. ಬೊಲಿವಿಯಾದಲ್ಲಿ ಮತಪತ್ರಗಳನ್ನು ಆಯಾ ಮತಗಟ್ಟೆಯಲ್ಲೇ ಎಲ್ಲರೆದುರು ಎಣಿಸುತ್ತಾರೆ. ಕೊನೆಗೆ ಒಂದು ಪಟ್ಟಿ ಬರೆದು ಸಹಿ ಹಾಕುತ್ತಾರೆ. ಆಮೇಲೆ ಎರಡು ಲೆಕ್ಕ ಬೇರೆ ಬೇರೆಯಾಗಿ ನಡೆಯುತ್ತವೆ. ಪಟ್ಟಿಯ ಫೋಟೋ ತೆಗೆದು ಮೊಬೈಲ್‌ನಲ್ಲಿ ಕಳಿಸುವುದು ಒಂದು. ಇದು ಜನರಿಗೆ ಬೇಗ ಸುದ್ದಿ ಸಿಗಲಿ ಅಂತ ಮಾಡಿದ ತ್ವರಿತ ಲೆಕ್ಕ, ಕಾನೂನಿನಲ್ಲಿ ಇದಕ್ಕೆ ಬೆಲೆ ಇಲ್ಲ. ಪಟ್ಟಿಗಳನ್ನೇ ಪ್ರಾಂತ್ಯದ ಕಚೇರಿಗೆ ತಂದು ಕೂಡಿಸುವುದು ಇನ್ನೊಂದು, ಅದೇ ಅಧಿಕೃತ ಲೆಕ್ಕ. ಆ ರಾತ್ರಿ ನಿಂತಿದ್ದು ತ್ವರಿತ ಲೆಕ್ಕ.

ಮರುದಿನ ಅಮೆರಿಕ ರಾಷ್ಟ್ರಗಳ ಸಂಘಟನೆ, ಅಂದರೆ ಒಎಎಸ್, ಮತಗಳ ಒಲವಿನಲ್ಲಿ ವಿವರಿಸಲು ಕಷ್ಟವಾಗುವಂಥ ದೊಡ್ಡ ಬದಲಾವಣೆ ಕಂಡಿದೆ ಅಂತ ಹೇಳಿಕೆ ಕೊಟ್ಟಿತು. ಬೆಂಕಿಗೆ ತುಪ್ಪ ಸುರಿದಂತಾಯಿತು. ಹಲವು ನಗರಗಳಲ್ಲಿ ಚುನಾವಣಾ ಕಚೇರಿಗಳಿಗೇ ಬೆಂಕಿ ಬಿತ್ತು.

ಆದರೆ ಈ ಹೇಳಿಕೆ ಎಷ್ಟು ಗಟ್ಟಿ? ತಡವಾಗಿ ಬರುವ ಮತಗಟ್ಟೆಗಳು ಬಹುಪಾಲು ಎಲ್ಲಿಯವು ಅಂತ ಯೋಚಿಸಿ. ರಸ್ತೆ, ನೆಟ್‌ವರ್ಕ್ ಸರಿ ಇಲ್ಲದ ಹಳ್ಳಿಗಳು, ಎತ್ತರದ ಪ್ರಸ್ಥಭೂಮಿಯ ಊರುಗಳು. ಅಲ್ಲಿ ಮೊರಾಲೆಸ್‌ಗೆ ಬೆಂಬಲ ಜಾಸ್ತಿ. ಹಾಗಾಗಿ ಕೊನೆಗೆ ಬಂದ ಮತಗಳಲ್ಲಿ ಅವರ ಪಾಲು ಏರುವುದು ಸಹಜ. ಎಣಿಕೆ ನಿಲ್ಲುವ ಮೊದಲೇ ಅಂತರ ಹೀಗೆ ಸ್ವಲ್ಪ ಸ್ವಲ್ಪವೇ ಏರುತ್ತಾ ಬಂದಿತ್ತು. 2020ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳ ಸಂಶೋಧಕರು ಅದೇ ಅಂಕಿಗಳನ್ನು ಮತ್ತೆ ಪರೀಕ್ಷಿಸಿದರು. ಹಠಾತ್ ಜಿಗಿತ ಎಂಬುದು ಮತಗಳಲ್ಲಿ ಇರಲಿಲ್ಲ, ಒಎಎಸ್ ಲೆಕ್ಕ ಹಾಕಿದ ವಿಧಾನದಲ್ಲೇ ದೋಷವಿತ್ತು ಅಂತ ತೋರಿಸಿದರು. ಇಡೀ ಆರೋಪದಲ್ಲಿ ಅತಿ ದೊಡ್ಡ ಸದ್ದು ಮಾಡಿದ್ದು ಈ ಒಲವಿನ ಮಾತೇ, ಅತಿ ದುರ್ಬಲವಾಗಿದ್ದೂ ಅದೇ.

ಹಾಗಂತ ಎಲ್ಲ ಸರಿಯಾಗಿತ್ತಾ? ಇಲ್ಲ. ಒಎಎಸ್ ಡಿಸೆಂಬರ್‌ನಲ್ಲಿ ಕೊಟ್ಟ ಅಂತಿಮ ವರದಿಯಲ್ಲಿ ಬೇರೆ ಸಂಗತಿಗಳೂ ಇದ್ದವು. ಮೊದಲೇ ತಿಳಿಸದ ಸರ್ವರ್‌ಗಳ ಮೂಲಕ ಮಾಹಿತಿ ಹೋಗಿತ್ತು. ಪರೀಕ್ಷಿಸಿದ ಪಟ್ಟಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ, ಬೇರೆ ಬೇರೆ ಮತಗಟ್ಟೆಯ ಪಟ್ಟಿಗಳನ್ನು ಒಬ್ಬರೇ ತುಂಬಿದ ಕುರುಹು ಕಂಡಿತ್ತು. ಇವನ್ನೂ ಎಲ್ಲರೂ ಒಪ್ಪಿಲ್ಲ. ಇವು ಗಂಭೀರ ಅಂತಲೇ ನನ್ನ ಅಭಿಪ್ರಾಯ. ಆದರೆ ಪಟ್ಟಿ ತುಂಬುವಲ್ಲಿ ಅಕ್ರಮ ಆಗುವುದು ಬೇರೆ, ದೇಶದ ಫಲಿತಾಂಶವೇ ತಿರುಚಿಹೋಗುವುದು ಬೇರೆ. ಮೊದಲನೆಯದನ್ನು ತೋರಿಸಿ ಎರಡನೆಯದು ಸಾಬೀತಾಯಿತು ಅನ್ನುವುದು ಸರಿಯಲ್ಲ. ಇನ್ನು ತ್ವರಿತ ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಿ ಇಡೀ ದಿನ ಸುಮ್ನೆ ಕೂತಿದ್ದಕ್ಕೆ ಚುನಾವಣಾ ಮಂಡಳಿಗೆ ಯಾವ ಸಮರ್ಥನೆಯೂ ಇಲ್ಲ. ಅದರ ಉಪಾಧ್ಯಕ್ಷರೇ ಆ ನಿರ್ಧಾರವನ್ನು ಟೀಕಿಸಿ ರಾಜೀನಾಮೆ ಕೊಟ್ಟರು.

ಮೂರು ವಾರ, ಆಮೇಲೆ ಒಂದು ಭಾನುವಾರ

ನಗರಗಳು ಬಂದ್ ಆದವು. ಸಾಂತಾ ಕ್ರೂಸ್ ನಾಗರಿಕ ಸಮಿತಿಯ ಮುಖ್ಯಸ್ಥ ಲೂಯಿಸ್ ಫೆರ್ನಾಂಡೊ ಕಮಾಚೊ ಚಳವಳಿಯ ಮುಂಚೂಣಿಗೆ ಬಂದರು. ಎರಡನೇ ಸುತ್ತು ಸಾಕು ಅನ್ನುತ್ತಿದ್ದ ಮೇಸಾ ಹಿಂದೆ ಸರಿದರು, ಅಧ್ಯಕ್ಷರು ಹೋಗಲೇಬೇಕು ಅನ್ನುವ ಕಮಾಚೊ ದನಿ ಜೋರಾಯಿತು. ಎರಡೂ ಕಡೆಯವರು ಬೀದಿಯಲ್ಲಿ ಹೊಡೆದಾಡಿದರು, ಜೀವಗಳು ಹೋದವು. ವಿಂಟೊ ಪಟ್ಟಣದ ಮೇಯರ್, ಮಾಸ್ ಪಕ್ಷದ ಪಟ್ರೀಸಿಯಾ ಆರ್ಸೆ ಅವರನ್ನು ಉದ್ರಿಕ್ತ ಗುಂಪು ಹಿಡಿದು, ಕೂದಲು ಕತ್ತರಿಸಿ, ಮೈಮೇಲೆ ಕೆಂಪು ಬಣ್ಣ ಸುರಿದು, ಬರಿಗಾಲಲ್ಲಿ ಬೀದಿಯಲ್ಲಿ ನಡೆಸಿತು. ಪ್ರಜಾಪ್ರಭುತ್ವ ಉಳಿಸುತ್ತೇವೆ ಅಂತ ಹೊರಟವರ ನಡುವೆಯೇ ಇಂಥದ್ದು ನಡೆಯಿತು. ಪಟ್ರೀಸಿಯಾ ಮರುವರ್ಷ ಸೆನೆಟರ್ ಆಗಿ ಗೆದ್ದು ಬಂದರು.

ನವೆಂಬರ್ 8ರಂದು ಕೊಚಬಾಂಬಾದಲ್ಲಿ ಪೊಲೀಸರು ಸರ್ಕಾರದ ಮಾತು ಕೇಳುವುದಿಲ್ಲ ಅಂತ ಬಂಡೆದ್ದರು. ಬೇರೆ ನಗರಗಳಿಗೂ ಹಬ್ಬಿತು. ನವೆಂಬರ್ 10ರ ಬೆಳಿಗ್ಗೆ ಒಎಎಸ್ ತನ್ನ ಪ್ರಾಥಮಿಕ ವರದಿ ಹೊರಹಾಕಿ, ಹೊಸ ಚುನಾವಣೆ ನಡೆಸಿ ಅಂದಿತು. ಮೊರಾಲೆಸ್ ಒಪ್ಪಿದರು. ಹೊಸ ಚುನಾವಣೆ, ಹೊಸ ಚುನಾವಣಾ ಮಂಡಳಿ ಎರಡನ್ನೂ ಘೋಷಿಸಿದರು. ಅಲ್ಲಿಗೆ ಚಳವಳಿಯ ದೊಡ್ಡ ಬೇಡಿಕೆ ಈಡೇರಿತ್ತು. ಆದರೂ ಅದೇ ಮಧ್ಯಾಹ್ನ ಸೇನಾ ಮುಖ್ಯಸ್ಥ ವಿಲಿಯಮ್ಸ್ ಕಲಿಮಾನ್, ಶಾಂತಿಗಾಗಿ ಅಧ್ಯಕ್ಷರು ರಾಜೀನಾಮೆ ಕೊಡಲಿ ಅಂತ ಎಲ್ಲರೆದುರು ಸಲಹೆ ಕೊಟ್ಟರು. ದೇಶದ ದೊಡ್ಡ ಕಾರ್ಮಿಕ ಒಕ್ಕೂಟವೂ ಅಗತ್ಯವಿದ್ದರೆ ಅವರು ಹುದ್ದೆ ಬಿಡುವುದು ಒಳ್ಳೆಯದು ಅಂದಿತ್ತು, ಅದು ನಿಜ. ಆದರೆ ಬಂದೂಕು ಇರುವವರು ಕೊಡುವ ಸಲಹೆಗೆ ಬೇರೆಯೇ ತೂಕ ಇರುತ್ತದೆ. ಆ ಸಂಜೆ ಮೊರಾಲೆಸ್ ರಾಜೀನಾಮೆ ಕೊಟ್ಟರು. ಎರಡು ದಿನದಲ್ಲಿ ಮೆಕ್ಸಿಕೊ ತಲುಪಿದರು.

ಈಗ ಸಂವಿಧಾನದ ಪ್ರಶ್ನೆ. ಅಧ್ಯಕ್ಷರ ಜಾಗ ಖಾಲಿಯಾದರೆ ಉಪಾಧ್ಯಕ್ಷರು, ಅವರಿಲ್ಲದಿದ್ದರೆ ಸೆನೆಟ್ ಅಧ್ಯಕ್ಷರು, ಅವರೂ ಇಲ್ಲದಿದ್ದರೆ ಕೆಳಮನೆಯ ಅಧ್ಯಕ್ಷರು. ಈ ಮೂವರೂ ಮಾಸ್ ಪಕ್ಷದವರು, ಮೂವರೂ ರಾಜೀನಾಮೆ ಕೊಟ್ಟಿದ್ದರು. ಇದರಿಂದ ಕುರ್ಚಿ ಪೂರ್ತಿ ಖಾಲಿಯಾಯಿತು, ಇದರಲ್ಲಿ ಮಾಸ್ ಪಕ್ಷದ ಹೊಣೆಯೂ ಇದೆ. ನವೆಂಬರ್ 12ರಂದು ಸೆನೆಟ್‌ನ ಎರಡನೇ ಉಪಾಧ್ಯಕ್ಷೆ ಜನೀನ್ ಆನ್ಯೆಸ್ ತಾನೇ ಹಂಗಾಮಿ ಅಧ್ಯಕ್ಷೆ ಅಂತ ಘೋಷಿಸಿಕೊಂಡರು. ಮಾಸ್ ಸದಸ್ಯರು ಬಂದಿರಲಿಲ್ಲ, ಸದನದಲ್ಲಿ ಕೋರಂ ಇರಲಿಲ್ಲ. ಎರಡನೇ ಉಪಾಧ್ಯಕ್ಷೆಯ ಹೆಸರು ಸಂವಿಧಾನದ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ಆದರೂ ಸಂವಿಧಾನ ನ್ಯಾಯಮಂಡಳಿ ಸರಿ ಅಂದಿತು. ಮೊರಾಲೆಸ್‌ಗೆ ನಾಲ್ಕನೇ ಸಲ ಬಾಗಿಲು ತೆರೆದುಕೊಟ್ಟಿದ್ದೂ ಇದೇ ನ್ಯಾಯಮಂಡಳಿ ಅನ್ನುವುದನ್ನು ಮರೆಯಬಾರದು. ಆನ್ಯೆಸ್ ಅವರ ಪಕ್ಷದ ಅಭ್ಯರ್ಥಿಗೆ ಅಕ್ಟೋಬರ್‌ನಲ್ಲಿ ಬಂದಿದ್ದು ಶೇ 4ರಷ್ಟು ಮತ. ಆನ್ಯೆಸ್ ದೊಡ್ಡ ಬೈಬಲ್ ಹಿಡಿದು ಅಧ್ಯಕ್ಷರ ಅರಮನೆಗೆ ಕಾಲಿಟ್ಟರು. ಅದೇ ದಿನಗಳಲ್ಲಿ ವಿಫಾಲಾ ಬಾವುಟ ಸುಟ್ಟ, ಪೊಲೀಸರು ಅದನ್ನು ಸಮವಸ್ತ್ರದಿಂದ ಕತ್ತರಿಸಿ ತೆಗೆದ ವೀಡಿಯೊಗಳು ಹರಿದಾಡಿದವು. ಲಾ ಪಾಸ್ ನಗರದ ಮೇಲಿನ ಎತ್ತರದಲ್ಲಿರುವ ಎಲ್ ಆಲ್ಟೊದ ಐಮಾರಾ ಜನ ಬೀದಿಗಿಳಿದರು. ಅವರಲ್ಲಿ ಎಲ್ಲರೂ ಮೊರಾಲೆಸ್ ಭಕ್ತರೇನಲ್ಲ. ಅವರಿಗೆ ನೋವಾಗಿದ್ದು ಬಾವುಟಕ್ಕೆ.

ಸಕಾಬಾ, ಸೆಂಕಾಟಾ

ಈ ಎರಡು ಊರಿನ ಹೆಸರು ನೆನಪಿಟ್ಟುಕೊಳ್ಳಿ. ಬೊಲಿವಿಯಾ ಬಗ್ಗೆ ವಾದ ಮಾಡುವವರು ಎಣಿಕೆಯ ಗ್ರಾಫ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಸತ್ತವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ.

ನವೆಂಬರ್ 15ರಂದು ಕೊಚಬಾಂಬಾ ಪಕ್ಕದ ಸಕಾಬಾದಲ್ಲಿ ಚಪಾರೆಯಿಂದ ಬಂದ ಕೋಕಾ ಬೆಳೆಗಾರರ ಮೆರವಣಿಗೆಯನ್ನು ಪೊಲೀಸರು, ಸೈನಿಕರು ತಡೆದರು. ಗುಂಡು ಹಾರಿತು. ನವೆಂಬರ್ 19ರಂದು ಎಲ್ ಆಲ್ಟೊದ ಸೆಂಕಾಟಾದಲ್ಲಿ, ಜನ ಮುತ್ತಿಗೆ ಹಾಕಿದ್ದ ಇಂಧನ ಘಟಕದ ಬಳಿ ಮತ್ತೆ ಅದೇ ಆಯಿತು. ಎರಡೂ ಕಡೆ ಸೇರಿ ಕನಿಷ್ಠ 20 ಜನ ಸತ್ತರು. ಅದಕ್ಕೂ ಮೊದಲು, ನವೆಂಬರ್ 14ರಂದೇ ಹಂಗಾಮಿ ಸರ್ಕಾರ 4078 ಸಂಖ್ಯೆಯ ಆದೇಶ ಹೊರಡಿಸಿತ್ತು. ಶಾಂತಿ ಕಾಪಾಡುವ ಕೆಲಸದಲ್ಲಿರುವ ಸೈನಿಕರಿಗೆ ಕ್ರಿಮಿನಲ್ ಹೊಣೆ ಇರುವುದಿಲ್ಲ ಅಂತ ಅದರಲ್ಲಿತ್ತು. ದೇಶವಿದೇಶದಲ್ಲಿ ಟೀಕೆ ಬಂದ ಮೇಲೆ ತಿಂಗಳ ಕೊನೆಗೆ ವಾಪಸ್ ತೆಗೆದುಕೊಂಡರು. ಸತ್ತವರಲ್ಲಿ ಹೆಚ್ಚಿನವರು ಮೂಲನಿವಾಸಿ ಸಮುದಾಯದ ಬಡವರು. 2021ರ ಆಗಸ್ಟ್‌ನಲ್ಲಿ ಸ್ವತಂತ್ರ ಅಂತರರಾಷ್ಟ್ರೀಯ ತಜ್ಞರ ತಂಡ ಇವೆರಡನ್ನೂ ನರಮೇಧ ಎಂದೇ ಕರೆಯಿತು. ಆ ಇಡೀ ಗಲಭೆಯಲ್ಲಿ ಒಟ್ಟು 37 ಜನ ಸತ್ತಿದ್ದನ್ನು ಅದು ದಾಖಲಿಸಿತು. ಆ ತಂಡ ಮೊರಾಲೆಸ್ ಕಾಲದ ಕೊನೆ ವಾರಗಳ ಹಿಂಸೆಯನ್ನೂ ಬಿಟ್ಟಿಲ್ಲ.

ಮುಂದಕ್ಕೆ ಹೋಗುತ್ತಲೇ ಇದ್ದ ಚುನಾವಣೆ

ಚುನಾವಣೆ ನಡೆಸಿ ಹೋಗುವುದೇ ನನ್ನ ಕೆಲಸ ಅಂತ ಆನ್ಯೆಸ್ ಹೇಳಿದ್ದರು. ಇಂಥ ಸಂದರ್ಭದಲ್ಲಿ 90 ದಿನದೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನವೂ ಹೇಳುತ್ತದೆ. ನವೆಂಬರ್ 24ರಂದು ಎರಡೂ ಕಡೆಯವರು ಸೇರಿ ಸಂಸತ್ತಿನಲ್ಲಿ ಒಂದು ಕಾನೂನು ತಂದರು. ಹಳೆಯ ಚುನಾವಣೆ ರದ್ದು, ಹೊಸ ಚುನಾವಣಾ ಮಂಡಳಿ, ಸತತ ಎರಡು ಅವಧಿ ಮುಗಿಸಿದವರು ಈ ಸಲ ನಿಲ್ಲುವಂತಿಲ್ಲ. ಮಾಸ್ ಸದಸ್ಯರೂ ಒಪ್ಪಿ ಕೈ ಎತ್ತಿದ ಈ ಕಾನೂನಿನಿಂದಲೇ ದೇಶ ಅಂತರ್ಯುದ್ಧದ ಅಂಚಿನಿಂದ ಹಿಂದೆ ಬಂತು ಅಂತ ನನಗನ್ನಿಸುತ್ತದೆ. ಇದರ ಬಗ್ಗೆ ಹೊರಗಿನವರು ಮಾತಾಡುವುದು ಕಡಿಮೆ.

ಚುನಾವಣೆ 2020ರ ಮೇ 3ಕ್ಕೆ ನಿಗದಿಯಾಯಿತು. ಜನವರಿಯಲ್ಲಿ ಆನ್ಯೆಸ್ ತಾನೂ ಸ್ಪರ್ಧಿಸುತ್ತೇನೆ ಅಂದರು. ಹಂಗಾಮಿಯಾಗಿ ಬಂದವರು ಅದೇ ಕುರ್ಚಿಯಲ್ಲಿ ಕೂತು ಚುನಾವಣೆಗೆ ಇಳಿದಿದ್ದು ಅವರ ಸ್ವಂತ ಬೆಂಬಲಿಗರಿಗೂ ಸರಿ ಕಾಣಲಿಲ್ಲ. ಅಷ್ಟರಲ್ಲಿ ಕೊರೊನಾ ಬಂತು. ಚುನಾವಣೆ ಸೆಪ್ಟೆಂಬರ್ 6ಕ್ಕೆ ಹೋಯಿತು, ಅಲ್ಲಿಂದ ಅಕ್ಟೋಬರ್ 18ಕ್ಕೆ. ಸ್ಪೇನ್‌ನಿಂದ ತರಿಸಿದ 170 ವೆಂಟಿಲೇಟರ್‌ಗಳಿಗೆ ಎರಡು ಪಟ್ಟಿಗೂ ಮಿಗಿಲಾದ ಬೆಲೆ ಕೊಟ್ಟಿದ್ದು ಬಯಲಾಗಿ ಮೇ ತಿಂಗಳಲ್ಲಿ ಆರೋಗ್ಯ ಮಂತ್ರಿಯನ್ನೇ ಬಂಧಿಸಲಾಯಿತು. ಆಗಸ್ಟ್‌ನಲ್ಲಿ ಆ ವರ್ಷದ ಶಾಲೆಯನ್ನೇ ಸರ್ಕಾರ ಮುಗಿಸಿಬಿಟ್ಟಿತು, ನೆಟ್ ಇಲ್ಲದ ಹಳ್ಳಿ ಮಕ್ಕಳ ಪಾಲಿಗೆ ವರ್ಷವೇ ಹೋಯಿತು. ಅದೇ ತಿಂಗಳು ಕಾರ್ಮಿಕರು, ರೈತರು ದೇಶದ ಉದ್ದಗಲಕ್ಕೆ ರಸ್ತೆ ತಡೆದು ಕೂತರು. ಇನ್ನು ಮುಂದಕ್ಕೆ ಹಾಕುವಂತಿಲ್ಲ ಅಂತ ಕಾನೂನು ಬಂದ ಮೇಲೇ ಎದ್ದರು.

ಈ ಮಧ್ಯೆ ಲಿಥಿಯಂ ಕಥೆಯೂ ಜೋರಾಗಿ ಹಬ್ಬಿತ್ತು. ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನಲ್ಲಿ, ಬ್ಯಾಟರಿಗೆ ಬೇಕಾಗುವ ಈ ಲೋಹದ ಭಾರೀ ನಿಕ್ಷೇಪ ಇರುವುದು ನಿಜ. ಆದರೆ ಅದಕ್ಕಾಗಿಯೇ ಸರ್ಕಾರ ಉರುಳಿಸಿದರು ಅನ್ನುವುದಕ್ಕೆ ಗಟ್ಟಿ ಪುರಾವೆ ನನಗೆ ಎಲ್ಲೂ ಕಂಡಿಲ್ಲ. ಎಲ್ಲವನ್ನೂ ಹೊರಗಿನ ಕೈವಾಡ ಅಂದರೆ, ಬೀದಿಗೆ ಬಂದ ಎರಡೂ ಕಡೆಯ ಬೊಲಿವಿಯಾದ ಜನರಿಗೆ ಸ್ವಂತ ಬುದ್ಧಿಯೇ ಇರಲಿಲ್ಲ ಅಂದಂತಾಗುತ್ತದೆ.

ಸೆಪ್ಟೆಂಬರ್ 17ರಂದು ಆನ್ಯೆಸ್ ಕಣದಿಂದ ಹಿಂದೆ ಸರಿದರು. ಅಕ್ಟೋಬರ್ 18ರಂದು ಶೇ 88ರಷ್ಟು ಜನ ಮತ ಹಾಕಿದರು. ಮಾಸ್ ಅಭ್ಯರ್ಥಿ, ಹಳೆಯ ಅರ್ಥಮಂತ್ರಿ ಲೂಯಿಸ್ ಆರ್ಸೆಗೆ ಶೇ 55.1. ಮೇಸಾಗೆ ಶೇ 28.8. ಕಮಾಚೊಗೆ ಶೇ 14. ಆರ್ಸೆ ಗೆದ್ದಿದ್ದಾರೆ ಅಂತ ಆ ರಾತ್ರಿಯೇ ಆನ್ಯೆಸ್ ಒಪ್ಪಿಕೊಂಡರು.

ಒಂದೇ ವರ್ಷದಲ್ಲಿ ಅದೇ ಪಕ್ಷಕ್ಕೆ ಎಂಟು ಪರ್ಸೆಂಟ್ ಜಾಸ್ತಿ ಬಂದಿದ್ದು ಹೇಗೆ? ಮೂರು ಕಾರಣ ಕಾಣುತ್ತವೆ. ಕೊರೊನಾ ಕಾಲದಲ್ಲಿ ಕೂಲಿ ಇಲ್ಲದೆ ಕೂತ ಜನಕ್ಕೆ ಆರ್ಸೆ ಅಂದರೆ ದುಡ್ಡು ಓಡಾಡಿದ ದಿನಗಳ ನೆನಪು. ಬಾವುಟಕ್ಕಾದ ಅವಮಾನವನ್ನು, ಸಕಾಬಾ, ಸೆಂಕಾಟಾವನ್ನು ಹಳ್ಳಿಗಳು ಮರೆತಿರಲಿಲ್ಲ. ಮೂರನೆಯದು ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ: ಮತಪತ್ರದಲ್ಲಿ ಮೊರಾಲೆಸ್ ಹೆಸರು ಇರಲಿಲ್ಲ. ಜನಕ್ಕೆ ಬೇಸರ ಬಂದಿದ್ದು ಅವರು ಕುರ್ಚಿ ಬಿಡದಿದ್ದಕ್ಕೆ, ಅವರ ಪಕ್ಷ ಮಾಡಿದ ಕೆಲಸಕ್ಕಲ್ಲ. 2016ರ ಮಾತನ್ನು ಕೇಳಿ ಅವರು 2019ರಲ್ಲೇ ಆರ್ಸೆಯಂಥ ಒಬ್ಬರನ್ನು ನಿಲ್ಲಿಸಿದ್ದರೆ ಇಷ್ಟೊಂದು ಜೀವ ಹೋಗುತ್ತಿರಲಿಲ್ಲ ಅಂತ ನಾನು ನಂಬುತ್ತೇನೆ.

ನವೆಂಬರ್ 8ರಂದು ಆರ್ಸೆ ಪ್ರಮಾಣವಚನ ತಗೊಂಡರು. ಮರುದಿನ ಮೊರಾಲೆಸ್ ಅರ್ಜೆಂಟೀನಾ ಗಡಿ ದಾಟಿ ನಡೆದುಕೊಂಡು ವಾಪಸ್ ಬಂದರು. ಮುಂದೆ ಇಬ್ಬರೂ ಬದ್ಧ ವೈರಿಗಳಾಗಿ, ಪಕ್ಷವನ್ನೇ ಒಡೆದು, ಡಾಲರ್ ಕೊರತೆ ಮತ್ತು ಇಂಧನದ ಉದ್ದ ಸಾಲುಗಳ ನಡುವೆ ದೇಶವನ್ನು 2025ಕ್ಕೆ ತಂದು ನಿಲ್ಲಿಸಿದ್ದು ಬೇರೆಯೇ ದೊಡ್ಡ ಕಥೆ. ಆ ವರ್ಷ ಬೊಲಿವಿಯಾ ಮೊದಲ ಬಾರಿಗೆ ಎರಡನೇ ಸುತ್ತಿನ ಮತದಾನ ಕಂಡಿತು. ಮಾಸ್ ಆ ಸುತ್ತಿನ ಹತ್ತಿರವೂ ಇರಲಿಲ್ಲ. ಗೆದ್ದವರು ರೊಡ್ರಿಗೊ ಪಾಸ್.

2021ರ ಮಾರ್ಚ್‌ನಲ್ಲಿ ಬಂಧನಕ್ಕೊಳಗಾದ ಆನ್ಯೆಸ್‌ಗೆ 2022ರಲ್ಲಿ 10 ವರ್ಷ ಶಿಕ್ಷೆಯಾಯಿತು. ಆ ಶಿಕ್ಷೆ ಅಧಿಕಾರ ಹಿಡಿದ ರೀತಿಗೆ, ಸಕಾಬಾ, ಸೆಂಕಾಟಾದ ಸಾವುಗಳಿಗಲ್ಲ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ರದ್ದು ಮಾಡಿ ಅವರನ್ನು ಬಿಡುಗಡೆ ಮಾಡಿತು. ಆ ಎರಡು ಊರುಗಳ ಮನೆಯವರು ಇಷ್ಟು ವರ್ಷವೂ ಕೇಳುತ್ತಾ ಬಂದಿದ್ದು ಬೇರೆ ಪ್ರಶ್ನೆ: ಗುಂಡು ಹಾರಿಸಲು ಹೇಳಿದವರು ಯಾರು?